ಖಲಿಯಾ ತಟ್ಟೆಯ ಪಕ್ಕದ ಲೋಟ

ಛತ್ರಪತಿ ಸಂಭಾಜಿನಗರದಿಂದ ಪೈಠಣದ ಕಡೆ ಹೊರಟರೆ ನಡುವೆ ಬಿಡಕಿನ್ ಸಿಗುತ್ತದೆ. ಹತ್ತಿ, ತೊಗರಿ, ಸಜ್ಜೆ, ಮೋಸಂಬಿ ಬೆಳೆಯುವ ಸೀಮೆ. ಈಗ ಅಲ್ಲಿ ಹೊಲಕ್ಕಿಂತ ಅಗಲವಾದ ರಸ್ತೆಗಳು ಬಂದಿವೆ. ಶೇಂದ್ರಾ ಮತ್ತು ಬಿಡಕಿನ್ ಸೇರಿಸಿ ‘ಆರಿಕ್’ ಎಂಬ ಕೈಗಾರಿಕಾ ನಗರ ಎಬ್ಬಿಸುತ್ತಿದ್ದಾರೆ. ಕನ್ನಡದ ಓದುಗರಿಗೆ ಈ ಊರಿನ ಹೆಸರು ಕಿವಿಗೆ ಬಿದ್ದಿದ್ದರೆ ಅದು 2024ರ ಜುಲೈ ಕೊನೆಯಲ್ಲಿ, ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಂಪನಿ ತನ್ನ ಹೊಸ ಕಾರ್ಖಾನೆಗಾಗಿ ಮಹಾರಾಷ್ಟ್ರ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಾಗ. ಬಿಡದಿಯಿಂದ ಬಿಡಕಿನ್‌ಗೆ ಎಂದು ಅವತ್ತು ಹಲವರು ತಮಾಷೆ ಮಾಡಿದ್ದರು, ಕೆಲವರು ಹೊಟ್ಟೆ ಉರಿದುಕೊಂಡಿದ್ದರು.

ಈ ಬರಹಕ್ಕೆ ಬಿಡಕಿನ್ ಬೇಕಾದದ್ದು ಕಾರಿಗಾಗಿ ಅಲ್ಲ. ಅದು ಎರಡು ಅಡುಗೆಮನೆಗಳ ನಡುವೆ ಇದೆ ಎಂಬುದಕ್ಕಾಗಿ. ಪಶ್ಚಿಮಕ್ಕೆ ಇನ್ನೂರು ಕಿಲೋಮೀಟರಿನೊಳಗೆ ನಾಶಿಕ್ ಇದೆ. ದೇಶದ ವೈನಿನ ದೊಡ್ಡ ಪಾಲು ತಯಾರಾಗುವುದು ಅಲ್ಲಿನ ದಿಂಡೋರಿ, ನಿಫಾಡ್, ಗಂಗಾಪುರ ಕೆರೆಯ ಸುತ್ತಮುತ್ತ. ಉತ್ತರಕ್ಕೆ ಸ್ವಲ್ಪ ದೂರದಲ್ಲಿ ಹಳೆಯ ಔರಂಗಾಬಾದ್ ಪೇಟೆ, ಅಂದರೆ ನಾನ್ ಖಲಿಯಾದ ಊರು. ತೆಳ್ಳನೆಯ, ಮೇಲೆ ಕೆಂಪು ಎಣ್ಣೆ ತೇಲುವ, ಖಾರದ ಕುರಿಮಾಂಸದ ಸಾರು. ಅದ್ದಿ ತಿನ್ನಲು ಮೆತ್ತನೆಯ ದಪ್ಪ ನಾನ್. ಮುಹಮ್ಮದ್ ಬಿನ್ ತುಘಲಕ್ 1327ರ ಹೊತ್ತಿಗೆ ದಿಲ್ಲಿಯನ್ನು ದೌಲತಾಬಾದಿಗೆ ಎತ್ತಿಕೊಂಡು ಬಂದಾಗ ದಾರಿಯಲ್ಲಿ ಸೈನ್ಯಕ್ಕೆ ಮಾಡಿ ಹಾಕಿದ ಊಟ ಇದು ಎಂಬ ಪ್ರತೀತಿ ಇದೆ. ಪ್ರತೀತಿ ನಿಜವೋ ಸುಳ್ಳೋ, ಸಾವಿರ ಜನರಿಗೆ ಒಂದೇ ಹಂಡೆಯಲ್ಲಿ ಬೇಯಿಸಿ ಬಡಿಸಬಹುದಾದ ಅಡುಗೆ ಎಂಬುದಂತೂ ನಿಜ.

ನಾಶಿಕ್ ವೈನಿನ ಬಾಟಲಿಗಳ ಕುತ್ತಿಗೆಗೆ ಕೆಲವು ಸಲ ಪದಕದ ಚೀಟಿ ಅಂಟಿಸಿರುತ್ತಾರೆ. ಲಂಡನ್ನಿನ ಡಿಕ್ಯಾಂಟರ್ ಸ್ಪರ್ಧೆಯದ್ದು, ಇಲ್ಲವೇ ಇನ್ನಾವುದೋ ದೇಶದ್ದು. ಆ ಪದಕ ಕೊಟ್ಟವರ ನಾಲಿಗೆಯ ಮೇಲೆ ಆ ಹೊತ್ತಿನಲ್ಲಿ ಏನಿತ್ತು? ನೀರು, ಹೆಚ್ಚೆಂದರೆ ಒಂದು ತುಂಡು ಬ್ರೆಡ್ಡು. ಅದೇ ಬಾಟಲಿಯನ್ನು ಕೊಂಡವರ ಮನೆಯಲ್ಲಿ ಅದರ ಪಕ್ಕ ಇರುವುದು ಖಲಿಯಾ, ಮಿಸಳ್, ಜೋಳದ ರೊಟ್ಟಿ ಎಣ್ಣೆಗಾಯಿ, ಕೋಳಿ ಸುಕ್ಕ. ಕೊಟ್ಟ ಅಂಕಕ್ಕೂ ಕುಡಿಯುವ ಸಂದರ್ಭಕ್ಕೂ ಸಂಬಂಧವೇ ಇಲ್ಲ. ಭಾರತದಲ್ಲಿ ವೈನನ್ನು ಅಳೆಯುವ ಕ್ರಮದ ದೊಡ್ಡ ದೋಷ ಇದು. ಇದರಿಂದ ನಷ್ಟ ಕುಡಿಯುವವರಿಗಿಂತ ಹೆಚ್ಚಾಗಿ ಬೆಳೆಯುವವರಿಗೆ ಆಗಿದೆ.

ಕನ್ನಡದಲ್ಲಿ ಇದಕ್ಕೆ ಒಂದು ಒಳ್ಳೆಯ ಮಾತಿದೆ, ನೆಂಚಿಕೊಳ್ಳುವುದು. ಇಂಗ್ಲಿಷಿನವರು ‘ಪೇರಿಂಗ್’ ಎಂದು ಹೇಳುವುದನ್ನು ಈ ನಾಡಿನ ಅಜ್ಜಿಯರು ಯಾವ ತರಬೇತಿಯೂ ಇಲ್ಲದೆ ಮಾಡಿಕೊಂಡು ಬಂದಿದ್ದಾರೆ. ಮೊಸರನ್ನಕ್ಕೆ ಮಿಡಿ ಉಪ್ಪಿನಕಾಯಿ, ಹೋಳಿಗೆಗೆ ತುಪ್ಪ, ಜೋಳದ ರೊಟ್ಟಿಗೆ ಶೇಂಗಾ ಚಟ್ನಿಯ ಮೇಲೆ ಒಂದು ಮಿಳ್ಳೆ ಎಣ್ಣೆ. ಮಲೆನಾಡಿನ ಅಪ್ಪೆಮಿಡಿಯನ್ನು ಯಾರೂ ಚಮಚದಲ್ಲಿ ಹಾಕಿಕೊಂಡು ಒಂದೇ ತಿಂದು, ‘ಉಪ್ಪು ಜಾಸ್ತಿ, ನೂರಕ್ಕೆ ಅರವತ್ತು’ ಎಂದು ಹೇಳುವುದಿಲ್ಲ. ಒಂದೇ ತಿಂದರೆ ಅದು ತಿನ್ನಲಾಗದ ವಸ್ತು. ಮೊಸರನ್ನದ ಮೂರನೆಯ ತುತ್ತಿನಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ನಲವತ್ತು ಮನೆಗಳ ಉಪ್ಪಿನಕಾಯಿಯನ್ನು ಒಂದು ಮೇಜಿನ ಮೇಲೆ ಸಾಲಾಗಿ ಇಟ್ಟು, ಅನ್ನವಿಲ್ಲದೆ ರುಚಿ ನೋಡಿ ಬಹುಮಾನ ಕೊಡಿ ಎಂದರೆ ಗೆಲ್ಲುವುದು ಯಾವುದು? ಉಪ್ಪು ಖಾರ ಕಡಿಮೆ ಇರುವ, ಬೆಲ್ಲ ಹಾಕಿದ, ಹೆಚ್ಚುಕಡಿಮೆ ಗೊಜ್ಜಿನಂತಿರುವ ಯಾವುದೋ ಒಂದು. ಅದನ್ನು ಮನೆಗೆ ತಂದು ಮೊಸರನ್ನಕ್ಕೆ ಹಾಕಿಕೊಂಡರೆ ಸಪ್ಪೆ.

ವೈನಿನ ಸ್ಪರ್ಧೆಗಳಲ್ಲಿ ಆಗುವುದು ಇದೇ, ದಿಕ್ಕು ಮಾತ್ರ ಬೇರೆ. ಅಲ್ಲಿ ಗೆಲ್ಲುವುದು ಸಪ್ಪೆಯದ್ದಲ್ಲ, ಗದ್ದಲದ್ದು. ಬೆಳಗಿನಿಂದ ಐವತ್ತು ಅರವತ್ತು ಗ್ಲಾಸು ಮೂಸಿ, ಬಾಯಿಗೆ ಹಾಕಿ, ಉಗುಳಿ ದಣಿದ ನಾಲಿಗೆಗೆ ತೆಳ್ಳಗಿನ, ಹುಳಿಹುಳಿಯಾದ, ಮೆಲುದನಿಯ ವೈನು ಕೇಳಿಸುವುದೇ ಇಲ್ಲ. ಹಣ್ಣು ತೀರ ಮಾಗಿದ, ಆಲ್ಕೋಹಾಲ್ ಹೆಚ್ಚಿದ, ಓಕ್ ಮರದ ಪೀಪಾಯಿಯ ವೆನಿಲಾ ವಾಸನೆ ಹೊಡೆಯುವ ವೈನು ಕೈ ಎತ್ತಿ ನಿಲ್ಲುತ್ತದೆ. 1976ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಟೀವನ್ ಸ್ಪರಿಯರ್ ಏರ್ಪಡಿಸಿದ ಕುರುಡು ಪರೀಕ್ಷೆಯಲ್ಲಿ ಕ್ಯಾಲಿಫೋರ್ನಿಯಾದ ವೈನುಗಳು ಫ್ರಾನ್ಸಿನವನ್ನು ಹಿಂದಿಕ್ಕಿದ್ದು ಲೋಕಪ್ರಸಿದ್ಧ ಕಥೆ. ಅಲ್ಲಿಯೂ ಪಕ್ಕದಲ್ಲಿ ಊಟವಿರಲಿಲ್ಲ. ಎರಡು ವರ್ಷದ ನಂತರ, 1978ರಲ್ಲಿ, ರಾಬರ್ಟ್ ಪಾರ್ಕರ್ ಎಂಬ ಅಮೆರಿಕದ ವಕೀಲ ತನ್ನ ವಾರ್ತಾಪತ್ರ ಶುರು ಮಾಡಿ ನೂರಕ್ಕೆ ಇಷ್ಟು ಎಂದು ಅಂಕ ಕೊಡುವ ಪದ್ಧತಿಯನ್ನು ಜನಪ್ರಿಯಗೊಳಿಸಿದ. ಶಾಲೆಯ ಮಾರ್ಕ್ಸ್ ಕಾರ್ಡಿನಂತೆ ಎಲ್ಲರಿಗೂ ಅರ್ಥವಾಗುವ ವಿಧಾನ. ತೊಂಬತ್ತು ದಾಟಿದರೆ ಮಾರಾಟ, ದಾಟದಿದ್ದರೆ ಗೋದಾಮು. ವೈನು ಮಾಡುವವರು ಬರಬರುತ್ತ ಪರೀಕ್ಷೆಗೆ ತಕ್ಕಂತೆ ಪಾಠ ಮಾಡತೊಡಗಿದರು. ಟ್ಯೂಷನ್ ಗೊತ್ತಿರುವ ದೇಶದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಹೋಗಲಿ, ಆ ಪರೀಕ್ಷೆಯಾದರೂ ನೆಟ್ಟಗಿದೆಯೇ? ರಾಬರ್ಟ್ ಹಾಡ್ಜ್‌ಸನ್ ಎಂಬವರು, ತಾವೇ ಸಣ್ಣ ವೈನರಿ ಇಟ್ಟುಕೊಂಡಿದ್ದ ಅಂಕಿಅಂಶ ತಜ್ಞ, ಕ್ಯಾಲಿಫೋರ್ನಿಯಾ ಸ್ಟೇಟ್ ಫೇರ್ ಸ್ಪರ್ಧೆಯ ತೀರ್ಪುಗಾರರಿಗೆ ಒಂದೇ ಬಾಟಲಿಯ ವೈನನ್ನು ಹೇಳದೆ ಮೂರು ಸಲ ಕೊಡಿಸಿ ನೋಡಿದರು. 2008ರಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ ಮೂರು ಸಲವೂ ಹೆಚ್ಚುಕಡಿಮೆ ಒಂದೇ ಮಟ್ಟದ ಅಂಕ ಕೊಟ್ಟವರು ಹತ್ತರಲ್ಲಿ ಒಬ್ಬರು. ಉಳಿದವರಲ್ಲಿ ಒಮ್ಮೆ ಬೆಳ್ಳಿ ಕೊಟ್ಟವರು ಇನ್ನೊಮ್ಮೆ ಏನೂ ಕೊಡದೆ ಕಳಿಸಿದ್ದರು. ತೀರ್ಪುಗಾರರು ಮೋಸಗಾರರು ಎಂದು ಇದರ ಅರ್ಥವಲ್ಲ. ಮನುಷ್ಯನ ನಾಲಿಗೆಯನ್ನು ಅದು ಹುಟ್ಟಿದ ಕೆಲಸದಿಂದ, ಅಂದರೆ ಊಟದಿಂದ ಬಿಡಿಸಿ ತಕ್ಕಡಿ ಮಾಡಲು ಹೋದರೆ ಹೀಗಾಗುತ್ತದೆ.

ಈಗ ರುಚಿಯ ವಿಷಯ. ಕೆಂಪು ವೈನಿನಲ್ಲಿ ಬಾಯಿ ಒಣಗಿಸುವಂಥ ಒಂದು ಗುಣ ಇದೆ. ಟ್ಯಾನಿನ್ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಇದನ್ನು ವಿವರಿಸಲು ಪುಟಗಟ್ಟಲೆ ಬರೆಯುತ್ತಾರೆ, ಕನ್ನಡಕ್ಕೆ ಮೂರಕ್ಷರ ಸಾಕು: ಒಗರು. ಬಾಳೆಕಾಯಿಯಲ್ಲಿ, ನೆಲ್ಲಿಕಾಯಿಯಲ್ಲಿ, ಹಾಲು ಹಾಕದ ಚಹಾದಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಅಡಿಕೆಯಲ್ಲಿ ಇರುವ ರುಚಿ. ಬಾಯಿಯ ಜೊಲ್ಲಿನಲ್ಲಿರುವ ಪ್ರೋಟೀನನ್ನು ಟ್ಯಾನಿನ್ ಹಿಡಿದು ಕಟ್ಟುತ್ತದೆ, ಆಗ ಬಾಯಿ ಜಾರುವುದು ನಿಂತು ತರತರ ಎನ್ನುತ್ತದೆ. ಚಹಾಕ್ಕೆ ಹಾಲು ಬಿದ್ದರೆ ಒಗರು ಸಾಯುವುದು ಇದೇ ಕಾರಣಕ್ಕೆ. ಟ್ಯಾನಿನ್ನಿಗೆ ಕಟ್ಟಿಕೊಳ್ಳಲು ಹಾಲಿನ ಪ್ರೋಟೀನ್ ಸಿಕ್ಕಿತು, ಜೊಲ್ಲು ಉಳಿಯಿತು. ಯುರೋಪಿನವರು ಒಗರಾದ ಕೆಂಪು ವೈನಿನ ಜೊತೆ ಕೊಬ್ಬಿನ ಮಾಂಸ, ಹಳೆಯ ಚೀಸ್ ತಿನ್ನುವುದರ ಹಿಂದೆಯೂ ಇದೇ ಲೆಕ್ಕ ಇದೆ.

ಈ ನಾಡಿನ ಊಟದಲ್ಲಿ ಒಗರಿಗೆ ಜಾಗ ಎಲ್ಲಿ? ಊಟ ಮುಗಿದ ಮೇಲೆ. ಎಲೆ ಎತ್ತಿ, ಕೈ ತೊಳೆದು, ಜಗಲಿಯಲ್ಲಿ ಕೂತು ವೀಳ್ಯ ಮಡಚುವಾಗ. ಅನ್ನ ಸಾರಿನ ನಡುವೆ ಯಾರೂ ಅಡಿಕೆ ಜಗಿಯುವುದಿಲ್ಲ. ಹಾಗಿರುವಾಗ ಅಡಿಕೆಯಷ್ಟು ಒಗರಿರುವ ಕ್ಯಾಬರ್ನೆ ಸಾವಿನ್ಯೋನ್ ಅನ್ನು ಊಟದ ನಡುವೆ ತಂದಿಟ್ಟು, ಇಷ್ಟವಾಗದಿದ್ದರೆ ‘ಭಾರತೀಯರಿಗೆ ವೈನಿನ ರುಚಿ ಇನ್ನೂ ಹತ್ತಿಲ್ಲ’ ಎಂದು ದೂರುವುದು ಎಷ್ಟು ಸರಿ? ನಾಲಿಗೆ ಹಿಂದುಳಿದಿಲ್ಲ, ಅದಕ್ಕೆ ತನ್ನದೇ ಕ್ರಮ ಇದೆ.

ಖಾರದ ಮಾತು ಇನ್ನೂ ನೇರ. ಮೆಣಸಿನಕಾಯಿಯ ಉರಿ ರುಚಿಯಲ್ಲ, ನೋವು. ಬಿಸಿ ತಾಗಿದಾಗ ಎಚ್ಚರಿಸುವ ನರದ ಬಾಗಿಲನ್ನೇ ಖಾರವೂ ತಟ್ಟುತ್ತದೆ. ಆಲ್ಕೋಹಾಲ್ ಆ ಬಾಗಿಲನ್ನು ಇನ್ನಷ್ಟು ಸಡಿಲ ಮಾಡುತ್ತದೆ ಎಂದು 2002ರಲ್ಲಿ ‘ನೇಚರ್ ನ್ಯೂರೋಸೈನ್ಸ್’ ಪತ್ರಿಕೆಯಲ್ಲಿ ಬಂದ ಸಂಶೋಧನೆ ತೋರಿಸಿತು. ಸಾಮಾನ್ಯವಾಗಿ ಸುಮಾರು 42 ಡಿಗ್ರಿಯಲ್ಲಿ ತೆರೆದುಕೊಳ್ಳಬೇಕಾದದ್ದು ಆಲ್ಕೋಹಾಲ್ ಇದ್ದಾಗ 34 ಡಿಗ್ರಿಯ ಹತ್ತಿರವೇ, ಅಂದರೆ ಮೈಯ ಶಾಖದಲ್ಲೇ ತೆರೆದುಕೊಳ್ಳುತ್ತದೆ. ಖಲಿಯಾ ತಿಂದ ಬಾಯಿಗೆ ಶೇಕಡಾ 14ರ ಶಿರಾಜ್ ಸುರಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿಕೊಳ್ಳಬಹುದು. ವೈನಿನ ಹಣ್ಣು ಸತ್ತು, ಒಗರು ಮತ್ತು ಉರಿ ಮಾತ್ರ ಉಳಿಯುತ್ತದೆ, ಖಲಿಯಾದ ಮಸಾಲೆಯೂ ಕಾಣೆಯಾಗುತ್ತದೆ. ಎರಡು ಒಳ್ಳೆಯ ವಸ್ತುಗಳು ಸೇರಿ ಎರಡೂ ಹಾಳು. ಅದೇ ನಾಶಿಕದ ಶೆನಿನ್ ಬ್ಲಾಂ, ಸ್ವಲ್ಪ ಸಿಹಿ ಉಳಿಸಿದ್ದು, ಚೆನ್ನಾಗಿ ತಣ್ಣಗೆ ಮಾಡಿದ್ದು, ಅದೇ ಖಲಿಯಾದ ಜೊತೆ ಬೇರೆಯೇ ಆಗುತ್ತದೆ. ತಂಪು ಉರಿಯನ್ನು ಇಳಿಸುತ್ತದೆ, ಸಿಹಿ ಖಾರದ ಮೊನೆ ಮುರಿಯುತ್ತದೆ, ಹುಳಿ ಎಣ್ಣೆಯನ್ನು ಕಡಿಯುತ್ತದೆ. ತುಸು ಸಿಹಿಯ ಶೆನಿನ್ ಎಂದರೆ ಪರಿಣತರು ಮೂಗು ಮುರಿಯುತ್ತಾರೆ, ಅದು ಕಲಿಯುವವರ ವೈನು ಎಂದು. ಬರಿಯ ಬಾಯಲ್ಲಿ ಕುಡಿದರೆ ಅದು ಸಾಧಾರಣವೇ ಇರಬಹುದು. ಮಿಡಿ ಉಪ್ಪಿನಕಾಯಿಯೂ ಬರಿಯ ಬಾಯಿಗೆ ಅಲ್ಲ.

ಮೀನಿನ ವಿಷಯದಲ್ಲಿ ಇನ್ನೊಂದು ಸ್ವಾರಸ್ಯ. ಕೆಂಪು ವೈನು ಮೀನಿಗೆ ಆಗದು ಎಂಬುದು ಹಳೆಯ ನಂಬಿಕೆ. 2009ರಲ್ಲಿ ಜಪಾನಿನ ಸಂಶೋಧಕರು ಹುಡುಕಿದಾಗ ಅದರ ಹಿಂದೆ ವೈನಿನಲ್ಲಿರುವ ಕಬ್ಬಿಣದ ಅಂಶ ಸಿಕ್ಕಿತು. ಕಬ್ಬಿಣ ಹೆಚ್ಚಿದ್ದ ವೈನು ಬಾಯಲ್ಲಿ ಮೀನಿನ ಕೆಟ್ಟ ವಾಸನೆ ಉಳಿಸುತ್ತದೆ, ಬಣ್ಣ ಯಾವುದಾದರೂ ಸರಿ. ಮಂಗಳೂರಿನ ಬಂಗುಡೆ ಪುಳಿಮುಂಚಿಯ ಪಕ್ಕ ಯಾವ ಬಾಟಲಿ ಇಡಬೇಕು ಎಂಬುದು ನಂಬಿಕೆಯಿಂದ ಅಲ್ಲ, ಪಕ್ಕದಲ್ಲಿಟ್ಟು ನೋಡುವುದರಿಂದ ತಿಳಿಯುವ ವಿಷಯ.

ಆದರೆ ಯುರೋಪಿನ ಜೋಡಿ ಶಾಸ್ತ್ರವನ್ನು ಹಾಗೇ ಎತ್ತಿ ತಂದರೂ ನಡೆಯದು. ಅಲ್ಲಿ ತಟ್ಟೆಗೆ ಒಂದು ಸಲಕ್ಕೆ ಒಂದು ಪದಾರ್ಥ ಬರುತ್ತದೆ, ಅದರ ಜೊತೆಗೆ ಒಂದು ವೈನು. ಇಲ್ಲಿ ಬಾಳೆಲೆಯ ಮೇಲೆ ಉಪ್ಪಿನಿಂದ ಪಾಯಸದವರೆಗೆ ಎಲ್ಲವೂ ಒಟ್ಟಿಗೆ. ಹುಣಸೆ ಹುಳಿ, ಬೆಲ್ಲ, ಹಾಗಲಕಾಯಿ, ಮೊಸರು ಎಲ್ಲವೂ ಹತ್ತು ನಿಮಿಷದೊಳಗೆ ಒಂದೇ ಬಾಯಿಗೆ ಹೋಗುತ್ತವೆ. ಬಾಟಲಿಯ ಹಿಂದೆ ‘ಖಾರದ ಭಾರತೀಯ ಅಡುಗೆಗೆ ಒಪ್ಪುತ್ತದೆ’ ಎಂದು ಅಚ್ಚು ಹಾಕುವವರು ಯಾವ ಅಡುಗೆಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೋ. ವಿಜಯಪುರದ ಕೆಂಪು ಚಟ್ನಿಯೋ, ಕೊಡಗಿನ ಕಾಚಂಪುಳಿ ಹಾಕಿದ ಪಂದಿ ಕರಿಯೋ, ನಾಶಿಕದ ಕಪ್ಪು ಮಸಾಲೆಯ ಮಿಸಳೋ? ಆ ಸಾಲು ಏನನ್ನೂ ಹೇಳುವುದಿಲ್ಲ. ‘ಭಾರತೀಯ ಅಡುಗೆ’ ಎಂಬ ಅಡುಗೆಯನ್ನು ಯಾವ ಮನೆಯಲ್ಲೂ ಮಾಡುವುದಿಲ್ಲ.

ಇನ್ನೂ ಒಂದು ತೊಡಕು ಇದೆ, ಇದನ್ನು ವೈನಿನವರು ಬಾಯಿ ಬಿಟ್ಟು ಹೇಳುವುದಿಲ್ಲ. ಈ ದೇಶದಲ್ಲಿ ಕುಡಿಯುವವರು ಊಟದ ಜೊತೆ ಕುಡಿಯುವುದಿಲ್ಲ, ಊಟಕ್ಕೆ ಮುಂಚೆ ಕುಡಿಯುತ್ತಾರೆ. ಊಟ ಬಂತೆಂದರೆ ಕುಡಿತ ಮುಗಿಯಿತು ಎಂದು ಅರ್ಥ. ಕುಡಿತದ ಜೊತೆಗಿರುವುದು ಚಾಕ್ನಾ: ಮಸಾಲೆ ಶೇಂಗಾ, ಚಿವಡಾ, ಈರುಳ್ಳಿ ಭಜಿ, ಸುಟ್ಟ ಹಪ್ಪಳ, ಹುರಿದ ಬೋಟಿ. ಇದು ನಿನ್ನೆ ಮೊನ್ನೆಯ ಚಾಳಿಯೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ಹನ್ನೆರಡನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಊಟ ಅನ್ನಭೋಗದ ಪ್ರಕರಣದಲ್ಲಿದೆ, ಮದಿರಾಪಾನವೋ ಆಟವಿನೋದಗಳ ಭಾಗದಲ್ಲಿ, ಜಲಕ್ರೀಡೆ ವನಕ್ರೀಡೆಗಳ ಸಾಲಿನಲ್ಲಿದೆ. ಬಸವಕಲ್ಯಾಣದಿಂದ ಆಳಿದ ಅರಸನ ಲೆಕ್ಕದಲ್ಲೂ ಕುಡಿತ ಆಟ, ಊಟ ಊಟ. ಒಂಬತ್ತು ಶತಮಾನ ಕಳೆದರೂ ದಖ್ಖನ್ನಿನ ಢಾಬಾದಲ್ಲಿ ಅದೇ ವಿಂಗಡಣೆ ನಡೆದಿದೆ.

ವೈನು ದಖ್ಖನ್ನಿಗೆ ಹೊಸದು ಎಂದೂ ಇದರಿಂದ ತಿಳಿಯಬೇಕಾಗಿಲ್ಲ. ಬಿಡಕಿನ್ ದಾಟಿದರೆ ಸಿಗುವ ಪೈಠಣ ಶಾತವಾಹನರ ಪ್ರತಿಷ್ಠಾನ. ಒಂದನೆಯ ಶತಮಾನದ ಗ್ರೀಕ್ ವ್ಯಾಪಾರಿ ಕೈಪಿಡಿ ‘ಪೆರಿಪ್ಲಸ್’ ಪೈಠಣದಿಂದ ಭರೂಚ್ ಬಂದರಿಗೆ ಸರಕು ಇಳಿಯುತ್ತಿದ್ದುದನ್ನು ಬರೆದಿದೆ. ಅದೇ ಭರೂಚಿಗೆ ಹಡಗಿನಲ್ಲಿ ಬರುತ್ತಿದ್ದ ವಸ್ತುಗಳ ಪಟ್ಟಿಯಲ್ಲಿ ಮೊದಲಿಗೆ ವೈನಿದೆ, ಅದರಲ್ಲೂ ಇಟಲಿಯದ್ದಕ್ಕೆ ಬೇಡಿಕೆ ಹೆಚ್ಚು ಎಂಬ ಮಾತಿದೆ. ಆಗಲೂ ಪರದೇಶದ ಚೀಟಿಗೆ ಬೆಲೆ ಹೆಚ್ಚಿತ್ತು ಎಂದಾಯಿತು.

ಹಾಗಾದರೆ ಊಟದ ಜೊತೆ ಕುಡಿಯದ ಜನರ ನಡುವೆ ಊಟದಿಂದ ವೈನನ್ನು ಅಳೆಯಿರಿ ಎನ್ನುವುದರಲ್ಲಿ ಹುರುಳೇನು? ಹುರುಳು ಇರುವುದು ವೈನಿನವರೇ ಕೊಟ್ಟ ಮಾತಿನಲ್ಲಿ. ಮಹಾರಾಷ್ಟ್ರ ಸರ್ಕಾರ 2001ರಲ್ಲಿ ದ್ರಾಕ್ಷಿ ಸಂಸ್ಕರಣೆಯ ನೀತಿ ತಂದು, ವೈನಿಗೆ ಅಬಕಾರಿ ಸುಂಕದ ವಿನಾಯಿತಿ ಕೊಟ್ಟು, ವಿಂಚೂರಿನಲ್ಲಿ ವೈನ್ ಪಾರ್ಕ್ ಮಾಡಿತು. ಕರ್ನಾಟಕವೂ 2007ರಲ್ಲಿ ತನ್ನದೇ ನೀತಿ ತಂದು ವೈನಿಗೆ ಪ್ರತ್ಯೇಕ ಮಂಡಳಿ ಕಟ್ಟಿತು. ಎರಡೂ ಕಡೆ ಹಿಂದಿದ್ದ ವಾದ ಒಂದೇ: ಇದು ವಿಸ್ಕಿ ಬ್ರಾಂಡಿಯಂಥದ್ದಲ್ಲ, ರೈತನ ಹೊಲದ ಬೆಳೆ, ಊಟದ ಜೊತೆಗಿನ ಪಾನೀಯ. 2022ರ ಜನವರಿಯಲ್ಲಿ ಮಹಾರಾಷ್ಟ್ರದ ಸಂಪುಟ ದೊಡ್ಡ ದಿನಸಿ ಮಳಿಗೆಗಳಲ್ಲೂ ವೈನ್ ಮಾರಬಹುದು ಎಂದು ತೀರ್ಮಾನಿಸಿದಾಗ ಈ ವಾದ ತುತ್ತತುದಿ ಮುಟ್ಟಿತು. ವೈನ್ ಮದ್ಯವೇ ಅಲ್ಲ ಎಂದು ಸಂಜಯ್ ರಾವುತ್ ಹೇಳಿದರು. ಅಣ್ಣಾ ಹಜಾರೆ ಉಪವಾಸ ಕೂರುವುದಾಗಿ ಎದ್ದುನಿಂತರು. ತೀರ್ಮಾನ ಕಾಗದದಲ್ಲೇ ಉಳಿಯಿತು.

ಆ ಜಗಳದಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿತ್ತು. ಅಕ್ಕಿ ಬೇಳೆಯ ಪಕ್ಕದ ಕಪಾಟಿನಲ್ಲಿ ಇಡಬೇಕಾದಷ್ಟು ಇದು ಆಹಾರವೇ ಹೌದಾದರೆ, ಯಾವ ಆಹಾರದ ಜೊತೆ? ಇಪ್ಪತ್ತು ವರ್ಷದಲ್ಲಿ ನಾಶಿಕದ ವೈನು ನಾಶಿಕದ ಯಾವ ಅಡುಗೆಗೆ ಹೊಂದುವಂತೆ ತಯಾರಾಯಿತು? ವೈನ್ ಮದ್ಯವಲ್ಲ ಎಂಬ ಮಾತಂತೂ ರಸಾಯನಶಾಸ್ತ್ರದ ಪ್ರಕಾರ ಸುಳ್ಳು. ಮದ್ಯಕ್ಕೆ ಸುರಕ್ಷಿತ ಪ್ರಮಾಣ ಎಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ, ಅದರಲ್ಲಿ ವೈನಿಗೆ ರಿಯಾಯಿತಿ ಇಲ್ಲ. ಕುಡಿತದಿಂದ ಮನೆ ಮುರಿದ ಹೆಂಗಸರು ಮರಾಠವಾಡಾದಲ್ಲೂ ಉತ್ತರ ಕರ್ನಾಟಕದಲ್ಲೂ ಬೇಕಾದಷ್ಟಿದ್ದಾರೆ, ಅವರ ಮುಂದೆ ದ್ರಾಕ್ಷಿಯ ಕಥೆ ಹೇಳುವುದು ಕಷ್ಟ. ವೈನು ಬೇರೆ ಎಂದು ಹೇಳಿಕೊಳ್ಳಲು ಪ್ರಾಮಾಣಿಕವಾದ ದಾರಿ ಉಳಿದಿದ್ದರೆ ಅದು ತಟ್ಟೆಯ ಪಕ್ಕದ ದಾರಿ: ಕಡಿಮೆ, ನಿಧಾನ, ಅನ್ನದ ಜೊತೆ. ಸುಂಕದ ವಿನಾಯಿತಿ ಪಡೆಯುವಾಗ ಊಟದ ಹೆಸರು, ಪದಕ ಪಡೆಯುವಾಗ ಊಟವಿಲ್ಲದ ಕೋಣೆ ಎಂದರೆ ಅದು ನ್ಯಾಯವಲ್ಲ. (ಹಾಗೆ ನೋಡಿದರೆ ಕರ್ನಾಟಕದಲ್ಲಿ ‘ವೈನ್ಸ್’ ಎಂದು ಬೋರ್ಡು ಹಾಕಿದ ಅಂಗಡಿಯಲ್ಲಿ ಹುಡುಕಿದರೂ ಸಿಗುವುದು ಕಷ್ಟವಾದ ಏಕೈಕ ವಸ್ತು ವೈನು.)

ರೈತನ ಮಾತು ಇಲ್ಲಿ ಬರಲೇಬೇಕು. ರಾಜೀವ್ ಸಾಮಂತ್ ಅಮೆರಿಕದಿಂದ ಮರಳಿ ನಾಶಿಕದಲ್ಲಿ ಸುಲಾ ಕಟ್ಟಿ, 2000ದಲ್ಲಿ ಮೊದಲ ಬಾಟಲಿ ಹೊರತಂದ ಮೇಲೆ ಸುತ್ತಲಿನ ಅನೇಕರು ತಿನ್ನುವ ದ್ರಾಕ್ಷಿಯ ಬದಲು ವೈನಿನ ಬಳ್ಳಿ ನೆಟ್ಟರು. ವೈನರಿಗಳು ಒಂದರ ಹಿಂದೊಂದು ತೆರೆದವು. ನಂತರ 2008ರ ಆರ್ಥಿಕ ಕುಸಿತ, ಅದೇ ನವೆಂಬರಿನ ಮುಂಬಯಿ ದಾಳಿ. ಪ್ರವಾಸಿಗಳು ನಿಂತರು, ಪಂಚತಾರಾ ಹೋಟೆಲುಗಳ ಬೇಡಿಕೆ ಕುಸಿಯಿತು, ಟ್ಯಾಂಕುಗಳಲ್ಲಿ ವೈನು ಹಾಗೇ ಉಳಿಯಿತು. ಪುಣೆ ಜಿಲ್ಲೆಯ ನಾರಾಯಣಗಾಂವ್‌ನಲ್ಲಿ ಎಂಬತ್ತರ ದಶಕದಲ್ಲೇ ಗುಳ್ಳೆಯ ವೈನು ಮಾಡಿ ಹೆಸರಾಗಿದ್ದ ಇಂಡಾಜ್ ಕಂಪನಿ ಸಾಲದಲ್ಲಿ ಮುಳುಗಿತು. ನಾಶಿಕದ ಎಷ್ಟೋ ರೈತರು ವೈನಿನ ಬಳ್ಳಿ ಕಿತ್ತು ಮತ್ತೆ ತಿನ್ನುವ ದ್ರಾಕ್ಷಿಗೆ ಮರಳಿದರು. ಬಳ್ಳಿ ಫಲ ಕೊಡಲು ಮೂರು ವರ್ಷ ಬೇಕು, ಕಿತ್ತು ಹಾಕಲು ಒಂದು ದಿನ ಸಾಕು. ಆ ಹೊತ್ತಿನಲ್ಲಿ ವೈನು ಹೋಟೆಲಿನ ಪಾನೀಯವಾಗಿತ್ತೇ ಹೊರತು ಮನೆಯದ್ದಾಗಿರಲಿಲ್ಲ. ಹೋಟೆಲು ಕೆಮ್ಮಿದರೆ ಹೊಲಕ್ಕೆ ಜ್ವರ ಬಂತು. ಯಾವುದಾದರೂ ಊರಿನ ಊಟಕ್ಕೆ ಅಂಟಿಕೊಂಡ ಪಾನೀಯವಾಗಿದ್ದರೆ, ಕಡೇಪಕ್ಷ ನಾಶಿಕದ ಭಾನುವಾರದ ಮಟನ್ನಿಗಾದರೂ ಬೇಕೆನಿಸುವಂತಿದ್ದರೆ, ಪೆಟ್ಟು ಅಷ್ಟು ಜೋರಾಗಿ ಬೀಳುತ್ತಿರಲಿಲ್ಲ.

ಹೊಲದಲ್ಲಿ ನಡೆಯುವುದಕ್ಕೂ ಅಂಕಕ್ಕೂ ನೇರ ನಂಟಿದೆ. ನಾಶಿಕದಲ್ಲಿ ಬಳ್ಳಿಗೆ ವರ್ಷಕ್ಕೆ ಎರಡು ಸಲ ಕತ್ತರಿ, ಬೇಸಿಗೆಯಲ್ಲೊಮ್ಮೆ, ಮಳೆ ಹಿಂದೆ ಸರಿದ ಮೇಲೆ ಫಲಕ್ಕಾಗಿ ಮತ್ತೊಮ್ಮೆ. ಕೊಯ್ಲು ಜನವರಿಯಿಂದ ಮಾರ್ಚ್. ಬಿಸಿಲು ಏರುತ್ತಿರುವಾಗ ಹಣ್ಣಾಗುವುದರಿಂದ ಸಕ್ಕರೆ ಬೇಗ ಏರುತ್ತದೆ, ಹುಳಿ ಬೇಗ ಇಳಿಯುತ್ತದೆ. ಸ್ಪರ್ಧೆಗೆ ಬೇಕಾದ ಮಾಗಿದ, ದಪ್ಪ ವೈನಿಗಾಗಿ ಹಣ್ಣನ್ನು ಬಳ್ಳಿಯಲ್ಲೇ ಇನ್ನಷ್ಟು ದಿನ ಬಿಟ್ಟರೆ ಹುಳಿ ಪೂರ್ತಿ ಬಿದ್ದು, ಕೊನೆಗೆ ಟಾರ್ಟಾರಿಕ್ ಆಮ್ಲ ಸೇರಿಸಿ ಸರಿಮಾಡಬೇಕಾಗುತ್ತದೆ. ಊಟಕ್ಕೆ ಬೇಕಾದ್ದು ಇದಕ್ಕೆ ತದ್ವಿರುದ್ಧ: ಬೇಗ ಕೊಯ್ದ, ಹುಳಿ ಉಳಿದ, ಆಲ್ಕೋಹಾಲ್ ಹನ್ನೊಂದು ಹನ್ನೆರಡರ ಆಸುಪಾಸಿನ ಹಗುರ ವೈನು. ಅದನ್ನು ಮಾಡಲು ನಾಶಿಕದ ಬಿಸಿಲಿನ ಜೊತೆ ಕುಸ್ತಿ ಬೇಕಾಗಿಲ್ಲ. ಬೇಗ ಕೊಯ್ದರೆ ನೀರೂ ಅಷ್ಟು ಉಳಿಯುತ್ತದೆ. ನೀರಿನ ಮಾತು ಇಲ್ಲಿ ಸುಮ್ಮನೆ ಬಂದದ್ದಲ್ಲ. ನಾಶಿಕದ ಬಳ್ಳಿ ಕುಡಿಯುವ ಗೋದಾವರಿಯೇ ಕೆಳಗೆ ಹರಿದು ಪೈಠಣದ ಜಾಯಕವಾಡಿ ಜಲಾಶಯ ತುಂಬಬೇಕು, ಬಿಡಕಿನ್ ಸುತ್ತಿನ ಹೊಲಕ್ಕೂ ಸಂಭಾಜಿನಗರದ ನಲ್ಲಿಗೂ ಅದೇ ಆಸರೆ. ಮಳೆ ಕೈಕೊಟ್ಟ ವರ್ಷ ಮೇಲಿನವರು ನೀರು ಬಿಡಬೇಕೋ ಬೇಡವೋ ಎಂಬ ವ್ಯಾಜ್ಯ ಕೋರ್ಟಿನವರೆಗೆ ಹೋಗುತ್ತದೆ. 2016ರ ಬರದಲ್ಲಿ ಔರಂಗಾಬಾದಿನ ಬಿಯರ್ ಮತ್ತು ಮದ್ಯದ ಕಾರ್ಖಾನೆಗಳ ನೀರನ್ನು ಅರ್ಧಕ್ಕೂ ಹೆಚ್ಚು ಕಡಿತ ಮಾಡುವಂತೆ ಅಲ್ಲಿನ ಹೈಕೋರ್ಟ್ ಪೀಠ ಆದೇಶಿಸಿತ್ತು.

ಎದುರು ವಾದಕ್ಕೆ ಕಿವಿ ಮುಚ್ಚಬೇಕಾಗಿಲ್ಲ. ಮೊದಲನೆಯದು, ಊಟ ದೋಷವನ್ನು ಮುಚ್ಚುತ್ತದೆ ಎಂಬುದು. ಬೂಸು ಹಿಡಿದ ಬಿರಡೆಯ ವಾಸನೆ, ವಿನಿಗರ್ ಆಗತೊಡಗಿದ ಹುಳಿ, ಇವನ್ನು ಬರಿಯ ನಾಲಿಗೆಯೇ ಹಿಡಿಯಬೇಕು. ಸರಿ, ಉಪ್ಪಿನಕಾಯಿ ಭರಣಿಯಲ್ಲೂ ಬೂಸು ಬಂದಿದೆಯೇ ಎಂದು ಮೊದಲು ಮುಚ್ಚಳ ತೆಗೆದು ನೋಡುತ್ತಾರೆ. ಅದು ತಪಾಸಣೆ. ತಪಾಸಣೆಯಲ್ಲಿ ಪಾಸಾದದ್ದಕ್ಕೆಲ್ಲ ಚಿನ್ನದ ಪದಕ ಕೊಡುವುದಿಲ್ಲ. ಎರಡನೆಯದು, ಜೋಡಿ ಎಂಬುದು ಅವರವರ ಇಷ್ಟ, ಅದನ್ನು ಅಳೆಯುವುದು ಹೇಗೆ ಎಂಬುದು. ಬರಿಯ ನಾಲಿಗೆಯ ಅಳತೆ ಎಷ್ಟು ಗಟ್ಟಿ ಎಂದು ಹಾಡ್ಜ್‌ಸನ್ ತೋರಿಸಿದ್ದಾರಲ್ಲ. ಮೂರನೆಯ ಆಕ್ಷೇಪ ಮಾತ್ರ ನಿಜಕ್ಕೂ ತೂಕದ್ದು. ನಾನ್ ಖಲಿಯಾವನ್ನು ಮದುವೆಗೆ, ಹಬ್ಬಕ್ಕೆ ಹಂಡೆಗಟ್ಟಲೆ ಮಾಡುವ ಮುಸ್ಲಿಂ ಮನೆಗಳಲ್ಲಿ ಬಹುಪಾಲು ಜನ ಕುಡಿಯುವವರಲ್ಲ. ಹೋಳಿಗೆ ಎಣ್ಣೆಗಾಯಿಯ ಮನೆಗಳಲ್ಲೂ ಅನೇಕ ಕಡೆ ಹಾಗೆಯೇ. ಅವರ ಅಡುಗೆಯ ಹೆಸರನ್ನು ಬಾಟಲಿಯ ಚೀಟಿಗೆ ಅಂಟಿಸಿಕೊಳ್ಳುವುದು ಸಭ್ಯತೆಯಲ್ಲ. ಆ ಊಟವನ್ನು ಹೋಟೆಲಿನಲ್ಲಿ ತಿನ್ನುವವರು, ಕುಡಿಯುವವರೇ ಆದವರು, ಅವರ ಮುಂದೆ ಇಡುವ ಗ್ಲಾಸಿನ ಬಗ್ಗೆ ಮಾತ್ರ ಇಲ್ಲಿ ಮಾತು.

ಕನ್ನಡ ನಾಡಿನಲ್ಲಿ ಊಟದ ಜೊತೆ ವೈನು ಸೇರಿರುವ ಕಡೆಗಳೂ ಇವೆ, ಅವು ಪರೀಕ್ಷೆಯ ಕೋಣೆಗಳಿಂದ ದೂರ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್ಸಿಗೆಂದು ಭರಣಿಯಲ್ಲಿ ಹುದುಗಿಸುವ ದ್ರಾಕ್ಷಿಯ ಸಿಹಿ ವೈನು, ಅದರ ಜೊತೆ ಸನ್ನಾ, ಹಂದಿ ಬಫಾತ್. ಕೊಡಗಿನ ಮನೆಗಳ ಹಣ್ಣಿನ ವೈನು. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಬೆಂಗಳೂರು ನೀಲಿ ದ್ರಾಕ್ಷಿಯಿಂದ ಮಾಡುವ ಅಗ್ಗದ ಸಿಹಿ ಪೋರ್ಟ್ ಅನ್ನು ಪರಿಣತರು ಕೆಮ್ಮಿನ ಔಷಧ ಎಂದು ನಗೆಯಾಡುತ್ತಾರೆ. ಆ ದ್ರಾಕ್ಷಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಅದರ ವೈನಿಗೆ ಮರ್ಯಾದೆ ಸಿಕ್ಕಿಲ್ಲ. ಅದೇ ದೊಡ್ಡಬಳ್ಳಾಪುರದ ಪಕ್ಕ, ನಂದಿ ಬೆಟ್ಟದ ತಪ್ಪಲಲ್ಲಿ, ಕನ್ವಲ್ ಗ್ರೋವರ್ ಫ್ರೆಂಚ್ ತಳಿಗಳನ್ನು ನೆಟ್ಟು, ತೊಂಬತ್ತರ ದಶಕದಲ್ಲಿ ಬೋರ್ಡೋದ ಪ್ರಸಿದ್ಧ ಸಲಹೆಗಾರ ಮಿಷೆಲ್ ರೋಲಾಂರನ್ನು ಕರೆಸಿದರು. ಒಳ್ಳೆಯ ವೈನು ಬಂತು, ಅದರಲ್ಲಿ ಅನುಮಾನವಿಲ್ಲ. ಬೋರ್ಡೋದವರು ಮೆಚ್ಚುವಂಥ ವೈನು. ದೊಡ್ಡಬಳ್ಳಾಪುರದ ಮುದ್ದೆ ಸಾರಿನವರು ಮೆಚ್ಚಬೇಕೆಂದು ಯಾರೂ ರೋಲಾಂರಿಗೆ ಹೇಳಿರಲಾರರು, ಅವರ ಸಂಬಳ ಅದಕ್ಕಾಗಿಯೂ ಇರಲಿಲ್ಲ.

ಮಾಡಬೇಕಾದ್ದು ದೊಡ್ಡ ಸಂಗತಿಯೇನಲ್ಲ. ನಾಶಿಕದ ವೈನರಿಗಳಿಗೆ ಈಗ ವಾರಾಂತ್ಯದಲ್ಲಿ ಮುಂಬಯಿ, ಪುಣೆಯಿಂದ ಕಾರುಗಳ ಸಾಲೇ ಬರುತ್ತದೆ. ರುಚಿ ನೋಡುವ ಕೋಣೆಯಲ್ಲಿ ಐದಾರು ಗ್ಲಾಸು ಸಾಲಾಗಿ ಇಟ್ಟು, ಸುತ್ತಿ ಮೂಸುವುದನ್ನು ಹೇಳಿಕೊಡುತ್ತಾರೆ. ಅದೇ ಬೆಳಿಗ್ಗೆ ದಾರಿಯಲ್ಲಿ ಆ ಕಾರುಗಳು ನಿಂತದ್ದು ಮಿಸಳ್ ತಿನ್ನಲು. ಐದು ಗ್ಲಾಸಿನ ಪಕ್ಕ ಒಂದು ಸಣ್ಣ ಬಟ್ಟಲು ಮಿಸಳ್, ಎರಡು ಈರುಳ್ಳಿ ಭಜಿ, ಒಂದು ಹಿಡಿ ಶೇಂಗಾ ಇಟ್ಟರೆ ಬಂದವರೇ ತೀರ್ಪುಗಾರರಾಗುತ್ತಾರೆ. ಭಜಿಯ ಎಣ್ಣೆಗೆ ಗುಳ್ಳೆಯ ವೈನು ಹೊಂದುವುದು, ಅದೇ ಗುಳ್ಳೆ ಮಿಸಳಿನ ಖಾರಕ್ಕೆ ಬಿದ್ದಾಗ ಕೆಲವರಿಗೆ ಮುಳ್ಳಾಗುವುದು, ಬಾಟಲಿಗೆ ಎರಡು ಪಟ್ಟು ಬೆಲೆಯ ಪೀಪಾಯಿ ಶಿರಾಜ್ ಶೇಂಗಾದ ಮುಂದೆ ಮಂಕಾಗುವುದು, ಎಲ್ಲವೂ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಮಂಡಳಿಗಳು ನಡೆಸುವ ಮೇಳಗಳಲ್ಲಿ ಒಂದು ಬಹುಮಾನವನ್ನಾದರೂ ಹೀಗೆ ತಟ್ಟೆಯ ಮುಂದೆ ಕೊಡಬಹುದು: ವಿಜಯಪುರದಲ್ಲಿ ಜೋಳದ ರೊಟ್ಟಿಯ ಮುಂದೆ, ಬೆಂಗಳೂರಿನಲ್ಲಿ ಮುದ್ದೆ ಬಸ್ಸಾರಿನ ಮುಂದೆ. ಬಸ್ಸಾರಿನ ಮುಂದೆ ಯಾವ ವೈನೂ ನಿಲ್ಲದಿದ್ದರೆ ಬಹುಮಾನ ಕೊಡದೆ ಮನೆಗೆ ಕಳಿಸಿದರಾಯಿತು. ಆ ಊಟ ಮಜ್ಜಿಗೆಯ ಜೊತೆ ಸುಖವಾಗಿಯೇ ಇದೆ.

ಬಾಟಲಿಯ ಹಿಂದೆ ಅಚ್ಚಾಗುವ ಸಾಲೂ ಬದಲಾಗಲಿ. ‘ಕಪ್ಪು ಹಣ್ಣು, ಚರ್ಮ, ತಂಬಾಕಿನ ಸುಳಿವು’ ಎಂದು ಓದಿದ ಬಿಡಕಿನ್‌ನ ಕಾರ್ಖಾನೆಯ ಇಂಜಿನಿಯರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ‘ಚೆನ್ನಾಗಿ ತಣ್ಣಗೆ ಮಾಡಿ, ಮಟನ್ ರಸ್ಸಾ ಜೊತೆ, ಸಿಹಿ ತಿಂಡಿಯ ಜೊತೆ ಬೇಡ’ ಎಂದಿದ್ದರೆ ತಿಳಿಯುತ್ತದೆ. ‘ಕೋಣೆಯ ಉಷ್ಣತೆಯಲ್ಲಿ ಬಡಿಸಿ’ ಎಂಬ ಸಾಲನ್ನಂತೂ ಮೊದಲು ಅಳಿಸಬೇಕು. ಅದು ಚಳಿಯ ದೇಶದ ಕಲ್ಲಿನ ಮನೆಯವರು ಹೇಳಿಕೊಂಡ ಮಾತು. ಮೇ ತಿಂಗಳಲ್ಲಿ ಮರಾಠವಾಡಾದ ಕೋಣೆಯ ಉಷ್ಣತೆ ನಲವತ್ತರ ಹತ್ತಿರ ಇರುತ್ತದೆ.